ತೇಲಿದ ಹನಿ

ಮಾನ್ವಿಯ ಒಂದು ರೈಸ್ ಮಿಲ್ಲಿನಲ್ಲಿ ನಾನು ಲಾರಿ ತೂಗುವ ಕಾಟಾದ ಮುಂದೆ ಕೂರುತ್ತೇನೆ. ಭತ್ತದ ಲಾರಿ ಬಂದು ಕಬ್ಬಿಣದ ಹಾಸಿನ ಮೇಲೆ ನಿಂತರೆ ನನ್ನ ಕಿಟಕಿಯೊಳಗೆ ಕೆಂಪು ಅಂಕಿ ಮೂಡುತ್ತದೆ. ಅದನ್ನು ಚೀಟಿಯಲ್ಲಿ ಬರೆದು ಕೊಡುವುದಷ್ಟೇ ನನ್ನ ಕೆಲಸ. ಡ್ರೈವರ್‌ಗಳು, ದಲಾಲರು, ರೈತರು ಎಲ್ಲರೂ ಆ ಅಂಕಿಯ ಸಲುವಾಗಿ ಕಿಟಕಿಯ ಹೊರಗೆ ಬಾಯಿ ಮಾಡುತ್ತಾರೆ. ನಾನು ಮಾತಾಡುವುದಿಲ್ಲ. ಅಂಕಿ ಏನು ಹೇಳುತ್ತದೋ ಅದೇ ಖರೆ, ಉಳಿದದ್ದೆಲ್ಲ ಗದ್ದಲ ಎಂದುಕೊಂಡು ಇಷ್ಟು ವರ್ಷ ಕೂತಿದ್ದೇನೆ.

ಮಗಳು ಹುಟ್ಟಿದ ಮೇಲೆ ಇನ್ನೊಂದು ಅಂಕಿಯ ಮುಂದೆ ಕೂರುವ ಪಾಳಿ ಬಂತು. ಬಸಿರಿಗೆ ಏಳು ತಿಂಗಳು ತುಂಬಿತ್ತು, ಅಷ್ಟೇ. ಸೀಮಂತದ ಕುಪ್ಪಸ ಮಾಡಿ ತವರಿಗೆ ಕಳಿಸಬೇಕು ಎಂದು ಮನೆಯಲ್ಲಿ ಮಾತು ನಡೆದಿತ್ತು. ಕೂಸಿಗೆ ಅಷ್ಟೂ ತಾಳ್ಮೆ ಇರಲಿಲ್ಲ. ನನ್ನ ತವರು ಪೋತ್ನಾಳ. ಅಲ್ಲಿ ತಾಯಿ ತೀರಿಕೊಂಡು ವರ್ಷಗಳಾಗಿದ್ದವು, ಕರೆದುಕೊಂಡು ಹೋಗುವವರು ಇರಲಿಲ್ಲ ಎನ್ನುವುದೂ ನಿಜ. ಹೀಗಾಗಿ ರಾಯಚೂರಿನ ಆಸ್ಪತ್ರೆಯಲ್ಲಿ ನನ್ನ ಜೊತೆ ಇರಲು ದೇವದುರ್ಗದ ಕಡೆಯಿಂದ ಅತ್ತೆಯೇ ಬಂದರು. ಗೂಗಲ್ ಎಂಬ ಹಳ್ಳಿಯ ಹತ್ತಿರ ಹೊಳೆಯ ದಂಡೆಯ ಊರು ಅವರದು. ಕೈಯಲ್ಲಿ ಒಂದು ಚೀಲ, ಚೀಲದಲ್ಲಿ ಖಡಕ್ ರೊಟ್ಟಿ, ಶೇಂಗಾ ಚಟ್ನಿ, ಹಳೆ ಸೀರೆಯ ಅರಿವೆಗಳು, ತಳದಲ್ಲಿ ಕಾಡಿಗೆಯ ಡಬ್ಬಿ. ಆ ಡಬ್ಬಿ ಚೀಲದಲ್ಲಿ ಇರುವುದು ನನಗೆ ಗೊತ್ತಿತ್ತು. ಅದನ್ನು ತೆಗೆಯುತ್ತಾರೆ ಎಂದು ಮಾತ್ರ ತಿಳಿದಿರಲಿಲ್ಲ.

ಅತ್ತೆಯ ಬಗ್ಗೆ ಒಂದು ಮಾತು ಇಲ್ಲೇ ಹೇಳಿಬಿಡಬೇಕು. ಊರಲ್ಲಿ ಅವರಿಗೆ ಮೈಗಳ್ಳಿ ಎಂಬ ಹೆಸರಿತ್ತು. ಆ ಹೆಸರು ಮೊದಲು ಇಟ್ಟವರು ಅವರ ಅತ್ತೆ, ಆಮೇಲೆ ಗಂಡ, ನೆಗೆಣ್ಣಿಯರು, ಕೊನೆಗೆ ಕೂಲಿಗೆ ಬರುವ ಹೆಣ್ಣುಮಕ್ಕಳು ಸಹ. ಹತ್ತಿ ಹೊಲದಲ್ಲಿ ಕಳೆ ತೆಗೆಯುವಾಗ ಎಲ್ಲರೂ ಒಂದು ಸಾಲು ಮುಗಿಸಿ ಇನ್ನೊಂದಕ್ಕೆ ಹೊರಳಿದರೆ ಅತ್ತೆ ಬದುವಿನ ಮೇಲೆ ಹೋಗಿ ಕೂತುಬಿಡುತ್ತಿದ್ದರು. ಅಲ್ಲೊಂದು ಚಪ್ಪಟೆ ಕಲ್ಲಿದೆ. ಅದಕ್ಕೆ ನಮ್ಮ ಮನೆಯಲ್ಲಿ 'ಅವ್ವನ ಕುರ್ಚಿ' ಎಂದೇ ಹೆಸರು. ಹೊಳೆಯಿಂದ ಕೊಡ ಹೊತ್ತು ಏರಿ ಹತ್ತುವಾಗಲೂ ಎರಡು ಸಲ ನಿಲ್ಲುತ್ತಿದ್ದರಂತೆ. ಬಾಯಿ ಜೋರು, ಮೈ ಮಾತ್ರ ಬಗ್ಗುವುದಿಲ್ಲ ಎಂದು ನಮ್ಮ ಮನೆಯವರೂ ನಗುತ್ತಿದ್ದರು. ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ ಅಂತಾರಲ್ಲ, ಅತ್ತೆಯ ಕಾಲ ಯಾವಾಗ ಬಂತೋ ಯಾರಿಗೂ ಕಾಣಲಿಲ್ಲ. ಮೂರೂ ಕಾಲ ಅನ್ನಿಸಿಕೊಂಡೇ ಬದುಕಿದವರು.

ವಾರ್ಡಿನಲ್ಲಿ ಕೂಸು ಗಾಜಿನ ಪೆಟ್ಟಿಗೆಯಲ್ಲಿ ಮಲಗಿತ್ತು. ಮೂಗಿಗೆ ಸಣ್ಣ ನಳಿಗೆ ಹಾಕಿ ಆಕ್ಸಿಜನ್ ಕೊಡುತ್ತಿದ್ದರು. ಕಾಲಿಗೆ ಒಂದು ಪಟ್ಟಿ ಸುತ್ತಿದ್ದರು. ಅದರೊಳಗಿಂದ ಕೆಂಪು ಬೆಳಕು ಪಾದವನ್ನು ಹಾಯ್ದು ಆಚೆ ಕಾಣುತ್ತಿತ್ತು. ಆ ಬೆಳಕು ಮೈಯೊಳಗಿನ ರಕ್ತ ನೋಡಿ, ಅದರಲ್ಲಿ ಆಕ್ಸಿಜನ್ ಎಷ್ಟಿದೆ ಎಂದು ಮಷೀನಿಗೆ ಹೇಳುತ್ತದೆ. ಮಷೀನು ನಮಗೆ ಹೇಳುತ್ತದೆ. ತೊಂಬತ್ತೆರಡು, ತೊಂಬತ್ತಮೂರು, ಒಮ್ಮೆಲೇ ಎಂಬತ್ತು, ಆಗ ಕುಂಯ್ ಕುಂಯ್ ಎಂದು ಬಡಿದುಕೊಳ್ಳುತ್ತಿತ್ತು. ಸಿಸ್ಟರ್ ಬಂದು ಕೂಸಿನ ಬೆನ್ನನ್ನು ಬೆರಳಿನಿಂದ ತಿಕ್ಕಿದರೆ ಉಸಿರು ನೆನಪಾದಂತೆ ಮತ್ತೆ ಏರುತ್ತಿತ್ತು. ಇದು ಹಗಲಿಡೀ. ಆ ಸದ್ದು ನನ್ನ ಕಿವಿಯಲ್ಲಿ ಎಷ್ಟು ಕೂತಿತ್ತೆಂದರೆ, ಹೊರಗೆ ರಸ್ತೆಯಲ್ಲಿ ಆಟೋ ಹಿಂದಕ್ಕೆ ತೆಗೆಯುವಾಗ ಅಂಥದೇ ಸದ್ದು ಕೇಳಿದರೆ ನನ್ನ ಕೈ ತಾನಾಗಿ ಯಾರದೋ ಬೆನ್ನು ತಿಕ್ಕಲು ಹುಡುಕುತ್ತಿತ್ತು.

ನೂರು ಯಾಕೆ ಬರುವುದಿಲ್ಲ ಎಂದು ಒಮ್ಮೆ ಕೇಳಿದೆ. ನೂರಕ್ಕೆ ನೂರು ಯಾರಿಗೆ ಬೇಡ?

"ನೂರು ಬ್ಯಾಡ್ರಿ," ಎಂದರು ಸಿಸ್ಟರ್. "ಇಂಥ ಸಣ್ಣ ಕೂಸಿಗಿ ಆಕ್ಸಿಜನ್ ಕಮ್ಮಿ ಆದ್ರೂ ತ್ರಾಸ, ಹೆಚ್ಚಾದ್ರೂ ತ್ರಾಸ. ಹೆಚ್ಚಾದ್ರ ಕಣ್ಣು ಹೋಗ್ತಾವ. ತೊಂಬತ್ತರ ಮ್ಯಾಲ ಇರ್ಬೇಕು, ತೊಂಬತ್ತೈದು ದಾಟಬಾರದು. ಅದಕ್ಕs ನಾವು ಆಕ್ಸಿಜನ್ ಗುಂಡಿ ತಿರುವಿ ತಿರುವಿ ಸಾಯಾಕತ್ತೀವಿ ನೋಡ್ರಿ."

ಸಿಸ್ಟರ್ ಕೂಡ ದಣಿದಿದ್ದರು. ಎಲ್ಲರೂ ದಣಿದಿದ್ದೆವು. ಬಾಣಂತಿಯರು ಗೋಡೆಗೆ ಆತು ಕೂತು ಹಾಲು ಹಿಂಡಿ ಬಟ್ಟಲಿಗೆ ಹಾಕುವುದು, ಅದನ್ನು ಒಳಗೆ ಕೊಡುವುದು, ಕೈ ತೊಳೆಯುವುದು, ಮತ್ತೆ ಬಂದು ಕೂರುವುದು. ರಾಯಚೂರಿನ ಬಿಸಿಲು ಕಿಟಕಿಯ ಗಾಜಿನ ಮೇಲೆ ಮಧ್ಯಾಹ್ನದವರೆಗೂ ಕೂತಿರುತ್ತಿತ್ತು. ಸಿಸೇರಿಯನ್ ಆದ ಹೊಟ್ಟೆಯ ಹೊಲಿಗೆ ಜಗ್ಗುತ್ತಿತ್ತು. ಯಾರಾದರೂ 'ಹ್ಯಾಂಗದ ಕೂಸು' ಎಂದು ಫೋನ್ ಮಾಡಿದರೆ ಅಂಕಿ ಹೇಳಿ ಇಟ್ಟುಬಿಡುತ್ತಿದ್ದೆ. ಬೇರೆ ಏನು ಹೇಳಬೇಕೋ ನನಗೆ ಗೊತ್ತಿರಲಿಲ್ಲ.

ಅತ್ತೆಗೆ ಮೊದಮೊದಲು ಆ ಅಂಕಿಯ ಗೊಡವೆ ಇರಲಿಲ್ಲ. ಒಂದು ದಿನ ಸಿಸ್ಟರ್ ತಮಾಷೆಗೆ ದೊಡ್ಡವರ ಬೆರಳಿಗೆ ಹಾಕುವ ಚಿಮಟವನ್ನು ಅತ್ತೆಯ ಬೆರಳಿಗೆ ಸಿಕ್ಕಿಸಿದರು. ತೊಂಬತ್ತೆಂಟು ಬಂತು. ಅತ್ತೆ ಹತ್ತನೆಯ ತರಗತಿ ಪಾಸಾದವರ ಹಾಗೆ ವರಾಂಡದ ತುಂಬ ಹೇಳಿಕೊಂಡು ಬಂದರು.

"ನನಗ ತೊಂಬತ್ತೆಂಟ್ ಬಂತು ನೋಡ್ರಿ. ಈ ಪ್ರಾಯದಾಗ."

ನನಗೆ ನಗು ಬಂದಿತ್ತು. ಸುಮ್ಮನೆ ಬದುವಿನ ಮೇಲೆ ಕೂತು ಉಸಿರು ಉಳಿಸಿಟ್ಟವರಿಗೆ ಬರದೆ ಮತ್ಯಾರಿಗೆ ಬರಬೇಕು ಎಂದು ಮನಸ್ಸಿನಲ್ಲೇ ಅಂದುಕೊಂಡೆ.

ಕೂಸು ಮೊಲೆ ಚೀಪುವುದನ್ನು ಕಲಿಯುವ ಹೊತ್ತಿಗೆ ಹೊಸ ತೊಂದರೆ ಕಾಣಿಸಿತು. ಎರಡು ಗುಟುಕು ಎಳೆದರೆ ಸುಸ್ತು, ಕಣ್ಣು ಮುಚ್ಚುವುದು. ತೂಕ ಏರುತ್ತಿರಲಿಲ್ಲ. ಎದೆ ಮಾತ್ರ ಗುಬ್ಬಿಯ ಎದೆಯಂತೆ ಬಡಿಯುತ್ತಿತ್ತು. ಮಷೀನು ಕುಂಯ್ ಎನ್ನುವುದೂ ಹೆಚ್ಚಾಯಿತು. ಡಾಕ್ಟರ್ ಮೇಡಮ್ ಬಂದು ನೋಡಿ, ಮೈಯಲ್ಲಿ ರಕ್ತ ಕಮ್ಮಿ ಆಗಿದೆ, ಸ್ವಲ್ಪ ಹಾಕಬೇಕು ಎಂದರು.

"ನಂಬರ್ ಚಲೋ ಅದಲ್ರೀ ಮೇಡಮ್," ಎಂದೆ ನಾನು. "ಈಗ ನೋಡ್ರಿ, ತೊಂಬತ್ತಮೂರು ಅದ. ಮತ್ತ ರಕ್ತ ಯಾಕ?"

ಮೇಡಮ್‌ಗೆ ನನ್ನ ಕೆಲಸ ಏನೆಂದು ಗೊತ್ತಿತ್ತು. ಪಕ್ಕದ ಸ್ಟೂಲಿನ ಮೇಲೆ ಕೂತರು. ಅವರು ಹಾಗೆ ಕೂತದ್ದು ಅದೇ ಮೊದಲು.

"ನಿಮ್ಮ ಮಿಲ್ಲಿಗಿ ಭತ್ತ ತರೋ ಲಾರಿ ಅದಾವಲ್ಲ, ರಕ್ತ ಅಂದ್ರ ಆ ಲಾರಿ ಇದ್ದಂಗ. ಆಕ್ಸಿಜನ್ ಅಂದ್ರ ಭತ್ತ. ಈ ನಂಬರ್ ಏನು ಹೇಳ್ತದ? ಬಂದ ಲಾರಿ ತುಂಬಿ ಬಂದದೋ ಇಲ್ಲೋ ಅಷ್ಟs ಹೇಳ್ತದ. ಎಷ್ಟು ಲಾರಿ ಬಂದಾವ ಅಂತ ಹೇಳಂಗಿಲ್ಲ. ನಿಮ್ಮ ಕೂಸಿನ ಲಾರಿ ಎಲ್ಲಾ ತುಂಬೇ ಅದಾವ. ಆದ್ರ ಲಾರಿನೇ ಇಲ್ಲ. ಇದ್ದ ನಾಕು ಲಾರಿ ಓಡಿ ಓಡಿ ಸಾಕಾಗ್ಯಾವ."

ನಾನು ಅಂಕಿಯನ್ನು ನೋಡಿದೆ. ಅದು ತೊಂಬತ್ತಮೂರೇ ಹೇಳುತ್ತಿತ್ತು. ಸುಳ್ಳು ಹೇಳುತ್ತಿರಲಿಲ್ಲ, ಪೂರ್ತಿಯಾಗಿ ಹೇಳುತ್ತಲೂ ಇರಲಿಲ್ಲ. ಕಾಟಾದ ಮುಂದೆ ಕೂತ ನನಗೆ ಇದು ಸ್ವಲ್ಪ ಅವಮಾನದ ಸಂಗತಿಯೇ ಆಯಿತು.

ಅತ್ತೆ ಬಾಗಿಲ ಹೊರಗೆ ನಿಂತು ಕೇಳಿಸಿಕೊಂಡಿದ್ದರು. ಮೇಡಮ್ ಹೋದದ್ದೇ ತಡ ಶುರು ಮಾಡಿದರು.

"ದಿನಾ ಸೂಜಿ ಚುಚ್ಚಿ ರಕ್ತ ತಗದೋರು ಅವರs, ಈಗ ರಕ್ತ ಇಲ್ಲ ಅನ್ನೋರೂ ಅವರs. ಅದೇನು ಮೈಯೋ, ಹೊಳಿಯೋ? ಮ್ಯಾಲ ಯಾರದೋ ರಕ್ತ ಹಾಕ್ತಾರಂತ. ಯಾರದು, ಏನು, ಕುಡುಕಂದೋ ಕಳ್ಳಂದೋ. ಹಾಕೋದಿದ್ರ ನಂದು ತಗೊಳ್ಲಿ."

ಈ ಸಲ ಸಿಸ್ಟರ್ ಬಂದು ವಿವರಿಸಿದರು. ಇಷ್ಟು ಸಣ್ಣ ಕೂಸಿಗೆ ಮನೆಯವರ ರಕ್ತ ನೇರವಾಗಿ ಹಾಕುವುದಿಲ್ಲ, ಅದರಿಂದ ಕೆಲವೊಮ್ಮೆ ಅಪಾಯವೇ ಹೆಚ್ಚು, ಬ್ಲಡ್ ಬ್ಯಾಂಕಿನಲ್ಲಿ ಪರೀಕ್ಷೆ ಮಾಡಿ ಇಟ್ಟದ್ದೇ ಒಳ್ಳೆಯದು, ಬದಲಿಗೆ ಮನೆಯವರು ಆಮೇಲೆ ಬೇರೆಯವರಿಗಾಗಿ ಕೊಟ್ಟರಾಯಿತು ಎಂದರು. ಅತ್ತೆ ತಲೆ ಕೊಡವಿದರು. ಸ್ವಂತ ಅಜ್ಜಿಯ ರಕ್ತ ಅಪಾಯ, ಗೊತ್ತಿಲ್ಲದವನ ರಕ್ತ ಔಷಧ ಎನ್ನುವ ಮಾತು ಅವರ ಗಂಟಲಲ್ಲಿ ಇಳಿಯಲೇ ಇಲ್ಲ.

ನಮ್ಮ ಮನೆಯವರಿಗೆ ಫೋನ್ ಮಾಡಿದೆ. ಅವರು ಊರಲ್ಲಿ ಹತ್ತಿ ಬಿಡಿಸುವ ಗಡಿಬಿಡಿಯಲ್ಲಿದ್ದರು. ಎಲ್ಲ ಕೇಳಿಸಿಕೊಂಡು, "ಅವ್ವ ಏನಂತಾಳ?" ಎಂದರು.

"ಅವ್ವ ಡಾಕ್ಟರ್ ಅಲ್ಲ," ಎಂದು ಇಟ್ಟೆ. ಹಾಗೆ ಇಟ್ಟದ್ದು ತಪ್ಪೆಂದು ಇವತ್ತಿಗೂ ಅನ್ನಿಸಿಲ್ಲ. ಒಪ್ಪಿಗೆಯ ಸಹಿಯನ್ನು ನಾನೇ ಹಾಕಿದೆ. ಅತ್ತೆ ಗೋಡೆಯ ಕಡೆ ಮುಖ ಮಾಡಿ ಕೂತರು. "ನಾಳಿ ಏನರ ಆತಂದ್ರ ನನ್ನ ಕೇಳಬ್ಯಾಡ" ಎಂದರು. ಕೇಳುವುದಿಲ್ಲ ಎಂದೆ. ಹೇಳಿದ್ದು ಮಾತ್ರ ಧೈರ್ಯವಾಗಿಯೇ. ಏನಾದರೂ ಆದರೆ ಆ ಸಹಿ ನನ್ನ ಹಣೆಯ ಮೇಲೆ ಇರುತ್ತದೆ, ನಾನು ಸಾಯುವವರೆಗೆ ಯಾರೂ ಅದನ್ನು ಅಳಿಸುವುದಿಲ್ಲ ಎಂದು ಗೊತ್ತಿತ್ತು.

ರಕ್ತ ಬಂತು. ನಾನು ದೊಡ್ಡ ಚೀಲ ಬರುತ್ತದೆ ಎಂದುಕೊಂಡಿದ್ದೆ. ಒಂದು ಸಿರಿಂಜಿನಲ್ಲಿ ಹಿಡಿಯುವಷ್ಟು. ಅದನ್ನು ಒಂದು ಸಣ್ಣ ಯಂತ್ರಕ್ಕೆ ಕಟ್ಟಿ, ಕಣ್ಣಿಗೆ ಕಾಣದಷ್ಟು ನಿಧಾನವಾಗಿ ತಳ್ಳಿದರು. ಬೆಳಿಗ್ಗೆ ಶುರುವಾದದ್ದು ಮಧ್ಯಾಹ್ನ ದಾಟಿತು. ಸಿಸ್ಟರ್ ಪದೇ ಪದೇ ಬಂದು ಮೈ ಮುಟ್ಟಿ, ಎದೆ ನೋಡಿ ಹೋಗುತ್ತಿದ್ದರು. ನಾನು ಅಂಕಿಯನ್ನು ಬಿಟ್ಟು ಬೇರೇನನ್ನೂ ನೋಡಲಿಲ್ಲ. ಏರುತ್ತದೆ, ಏರುತ್ತದೆ ಎಂದು ಕಾದೆ. ಸಿರಿಂಜು ಖಾಲಿಯಾಯಿತು. ಅಂಕಿ ತೊಂಬತ್ತಮೂರು.

ಇಷ್ಟಕ್ಕೆ ಅತ್ತೆಯನ್ನು ಎದುರು ಹಾಕಿಕೊಂಡೆನೇ ಎಂದು ಸಿಟ್ಟು ಬಂತು. ಯಾರ ಮೇಲೆ ಎಂದು ಗೊತ್ತಾಗಲಿಲ್ಲ.

ಸಂಜೆಯ ಹೊತ್ತಿಗೆ ಒಂದು ವಿಚಿತ್ರ ಗಮನಕ್ಕೆ ಬಂತು. ಕುಂಯ್ ಎನ್ನುವ ಸದ್ದು ಬಹಳ ಹೊತ್ತಿನಿಂದ ಕೇಳಿರಲಿಲ್ಲ. ಮಷೀನು ಕೆಟ್ಟಿದೆಯೇನೋ ಎಂದು ಹತ್ತಿರ ಹೋಗಿ ನೋಡಿದೆ. ಕೆಟ್ಟಿರಲಿಲ್ಲ. ಅಂಕಿ ಮೊದಲಿನದೇ, ಆದರೆ ಅದು ಬೀಳುವುದನ್ನು ಬಿಟ್ಟಿತ್ತು. ಮರುದಿನ ಕೂಸನ್ನು ಎದೆಗೆ ಹಚ್ಚಿದರೆ ಎರಡು ಗುಟುಕಿಗೆ ನಿಲ್ಲಲಿಲ್ಲ. ಎಳೆಯಿತು, ಉಸಿರು ತೆಗೆದುಕೊಂಡಿತು, ಮತ್ತೆ ಎಳೆಯಿತು. ಕೂಸಿನ ಕಿವಿಗೆ ಬಣ್ಣ ಬಂದಿತ್ತು. ನಾನು ಅಲ್ಲೇ ಕೂತು ಅತ್ತುಬಿಟ್ಟೆ. ಯಾರ ರಕ್ತವೋ ಏನೋ, ಕುಡುಕನದೇ ಇದ್ದರೂ ಅವನ ಹೊಟ್ಟೆ ತಣ್ಣಗಿರಲಿ ಎಂದುಕೊಂಡೆ.

ಪಕ್ಕದಲ್ಲಿ ಗಿಲ್ಲೆಸುಗೂರಿನ ಒಬ್ಬ ಬಾಣಂತಿ ಇದ್ದಳು. ಅವಳ ಮಗನದು ಇನ್ನೂ ಏರಿಳಿತವೇ. ಅವಳು ನಮ್ಮ ಮಷೀನನ್ನು ನೋಡಿ ನಿಟ್ಟುಸಿರು ಬಿಟ್ಟು, "ನಿಮ್ಮದು ಬಿಡ್ರಿ ಅಕ್ಕ, ನಂಬರ್ ಭಾಳ ಚಂದ ನಿಂತದ, ಅಲ್ಲಾಡಂಗs ಇಲ್ಲ," ಎಂದಳು. ಪಾಪ, ಕೆಟ್ಟ ಮನಸ್ಸಿನಿಂದ ಅಂದದ್ದಲ್ಲ. ಅತ್ತೆಯ ಮುಖ ಮಾತ್ರ ಬಿಗಿಯಾಯಿತು. ಆಮೇಲೆ ಸಿಸ್ಟರೂ ಅದೇ ಮಾತನ್ನು ಎಲ್ಲರಿಗೂ ಕೇಳುವಂತೆ ಅಂದರು. ಕಸ ಗುಡಿಸುವವಳೂ ಅಂದಳು.

ಊಟದ ಹೊತ್ತಿಗೆ ಅತ್ತೆ ತಾವಾಗಿಯೇ, "ನೀ ಹೋಗಿ ಉಣ್ಣು, ಕೂಸನ್ನ ನಾ ಹಿಡಕೊಂತೀನಿ," ಎಂದರು. ಆ ವಾರ್ಡಿನಲ್ಲಿ ಕೂಸನ್ನು ಬರಿ ಎದೆಗೆ ಅವಚಿಕೊಂಡು ಮೇಲೆ ಅರಿವೆ ಸುತ್ತಿಕೊಳ್ಳುವ ಪದ್ಧತಿ ಇತ್ತು; ತಾಯಿಗೆ ಆಗದಿದ್ದರೆ ಅಜ್ಜಿಯೂ ಮಾಡಬಹುದಿತ್ತು. ಕೈ ಚೆನ್ನಾಗಿ ತೊಳೆಯಬೇಕು, ಎಣ್ಣೆ, ಕಾಡಿಗೆ, ವಿಭೂತಿ ಏನೂ ಹಚ್ಚಬಾರದು ಎಂದು ಬಾಗಿಲಲ್ಲೇ ಹೇಳಿ ಒಳಗೆ ಬಿಡುತ್ತಿದ್ದರು. ಅತ್ತೆ ಒಪ್ಪಿ ಕೂತರು. ರಕ್ತದ ಸಿಟ್ಟು ಇಳಿಯಿತಲ್ಲ ಎಂದು ನನಗೂ ಸಮಾಧಾನ. ಹೊರಗೆ ಬಂದು ರೊಟ್ಟಿ ಮುರಿದೆ. ಬಹಳ ದಿನಗಳ ಮೇಲೆ ಚಟ್ನಿಯ ಖಾರ ನಾಲಿಗೆಗೆ ಗೊತ್ತಾಯಿತು.

ಊಟ ಮುಗಿಸಿ ಬಂದು ಕೂಸನ್ನು ನನ್ನ ಎದೆಗೆ ತೆಗೆದುಕೊಂಡೆ. ಸ್ವಲ್ಪ ಹೊತ್ತಿಗೆ ಸಿಸ್ಟರ್ ಬಂದು ಕಾಲಿನ ಪಟ್ಟಿ ಬಿಚ್ಚಿದರು. ಒಂದೇ ಕಾಲಿಗೆ ಬಹಳ ಹೊತ್ತು ಕಟ್ಟಿದರೆ ಎಳೆಯ ಚರ್ಮ ಸುಡುತ್ತದೆಂದು ಅದನ್ನು ಆಗಾಗ ಈ ಕಾಲಿಂದ ಆ ಕಾಲಿಗೆ ಬದಲಿಸುತ್ತಿದ್ದರು. ಅರಿವೆಯ ಸಂದಿಯಲ್ಲಿ ಕೈ ಹಾಕಿ, ನೋಡದೆಯೇ ಇನ್ನೊಂದು ಪಾದಕ್ಕೆ ಸುತ್ತಿ ಹೋದರು.

ಅಂಕಿ ಮೂಡಿತು. ಎಂಬತ್ತನಾಲ್ಕು. ಆಮೇಲೆ ಎಂಬತ್ತೊಂದು. ಕುಂಯ್ ಕುಂಯ್.

ಸಿಸ್ಟರ್ ಓಡಿ ಬಂದರು. ಬೆನ್ನು ತಿಕ್ಕಿದರು. ಏರಲಿಲ್ಲ. ಆಕ್ಸಿಜನ್ ಸ್ವಲ್ಪ ಹೆಚ್ಚಿಸಿದರು. ಏರಲಿಲ್ಲ. ಇನ್ನಷ್ಟು ಹೆಚ್ಚಿಸಿ ಮೇಡಮ್‌ಗೆ ಫೋನ್ ಮಾಡಿದರು. ಅವರು ಹೆರಿಗೆ ಕೋಣೆಯಲ್ಲಿದ್ದರು. "ನಿನ್ನಿ ರಕ್ತ ಹಾಕೀವಲ್ರೀ ಮೇಡಮ್, ಅದರದs ಏನರ ಇರಬಹುದಾ?" ಎಂದು ಸಿಸ್ಟರ್ ದನಿ ತಗ್ಗಿಸಿ ಕೇಳುವುದು ನನಗೆ ಕೇಳಿಸಿತು. ಆ ಕಡೆಯಿಂದ ಏನು ಹೇಳಿದರೋ. ಫೋನ್ ಇಟ್ಟು, ಹಾಲು ಕುಡಿಸಬೇಡಿ ಎಂದರು. ಹೆಚ್ಚು ಕಡಿಮೆಯಾದರೆ ದೊಡ್ಡ ಆಸ್ಪತ್ರೆಗೆ ಕಳಿಸಬೇಕಾಗಬಹುದು, ಮನೆಯವರನ್ನು ಕರೆಸಿಕೊಳ್ಳಿ ಎಂದರು.

ರಕ್ತ ಹಾಕಿದ ಮೇಲೆ ಅಪರೂಪಕ್ಕೆ ಕೆಲವರ ಶ್ವಾಸಕೋಶ ಕೆಡುತ್ತದೆ ಎಂದು ಸಹಿ ಹಾಕುವ ಮುಂಚೆ ನನಗೆ ಹೇಳಿದ್ದರು. ಹೇಳಿದ್ದನ್ನು ಕೇಳಿಯೇ ಸಹಿ ಹಾಕಿದ್ದೆ. ನಾನು ಬಾಗಿಲ ಕಡೆ ನೋಡಿದೆ. ಅತ್ತೆ ಗಾಜಿನ ಆಚೆ ನಿಂತಿದ್ದರು. ನಾ ಹೇಳಿದ್ನೋ ಇಲ್ಲೋ ಎನ್ನುವ ಮುಖ ಇರುತ್ತದೆ ಎಂದುಕೊಂಡಿದ್ದೆ. ಇರಲಿಲ್ಲ. ಬಾಯಿಗೆ ಸೆರಗು ಒತ್ತಿ ಹಿಡಿದಿದ್ದರು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಆ ಸೆರಗನ್ನು ನೋಡಲು ಆಗಲಿಲ್ಲ.

ಎದೆಯ ಮೇಲೆ ಕೂಸು ಮಾತ್ರ ಆರಾಮವಾಗಿತ್ತು. ಉಸಿರು ಸರಾಗವಾಗಿ ಹೋಗಿ ಬರುತ್ತಿತ್ತು. ಮೊಲೆ ಹುಡುಕಿ ಬಾಯಿ ಚಪ್ಪರಿಸುತ್ತಿತ್ತು. ಸಾಯುವ ಕೂಸು ಹೀಗೆ ಮಾಡುತ್ತದೆಯೇ ಎಂದು ಒಂದು ಮನಸ್ಸು ಕೇಳುತ್ತಿತ್ತು. ಅಂಕಿ ಎಂಬತ್ತೊಂದು ಎನ್ನುತ್ತಿದೆಯಲ್ಲ ಎಂದು ಇನ್ನೊಂದು. ಇಷ್ಟು ವರ್ಷ ಅಂಕಿಯ ಮಾತು ಕೇಳಿಕೊಂಡು ಬಂದವಳು ನಾನು, ಆಗಲೂ ಅದರ ಮಾತನ್ನೇ ಕೇಳಿದೆ.

ಮೇಡಮ್ ಬಂದರು. ಮಷೀನನ್ನು ನೋಡಲಿಲ್ಲ, ಅರಿವೆ ಸರಿಸಿ ಕೂಸನ್ನು ನೋಡಿದರು. ತುಟಿ, ನಾಲಿಗೆ, ಎದೆ. ಸ್ಟೆತಾಸ್ಕೋಪ್ ಇಟ್ಟು ಎರಡೂ ಕಡೆ ಕೇಳಿದರು.

"ಕೂಸು ಚಲೋ ಅದ," ಎಂದರು. "ಇದ್ಯಾಕ ಹಿಂಗ ಅನ್ನಾಕತ್ತದ? ಪಟ್ಟಿ ಕೈಗಿ ಕಟ್ರಿ."

ಸಿಸ್ಟರ್ ಪಟ್ಟಿಯನ್ನು ಅಂಗೈಗೆ ಸುತ್ತಿದರು. ತೊಂಬತ್ತೊಂಬತ್ತು.

"ಆಕ್ಸಿಜನ್ ಇಳಸ್ರಿ, ಮೊದಲು ಇಳಸ್ರಿ," ಎಂದರು ಮೇಡಮ್. ಅಲ್ಲಿಯವರೆಗೆ ಶಾಂತವಾಗಿದ್ದವರ ದನಿ ಆಗ ಏರಿತು. ಕಮ್ಮಿಯಾಗಿದೆ ಎಂದು ಹೆಚ್ಚಿಸುತ್ತ ಹೋದ ಆಕ್ಸಿಜನ್ ಎಲ್ಲ ಕೂಸಿಗೆ ಬೇಡವಾಗಿದ್ದರೂ ಹೋಗುತ್ತಿತ್ತು. ಅಂಕಿ ಮೆಲ್ಲಗೆ ಇಳಿದು ತೊಂಬತ್ತನಾಲ್ಕಕ್ಕೆ ನಿಂತಿತು. ಇಷ್ಟು ಸ್ವಲ್ಪ ಹೊತ್ತಿನಲ್ಲಿ ಕಣ್ಣಿಗೆ ಏನೂ ಆಗುವುದಿಲ್ಲ ಎಂದು ಅವರೇ ಹೇಳಿದರು, ನಾನು ಕೇಳುವ ಮೊದಲೇ.

ಆಮೇಲೆ ಸಿಸ್ಟರ್ ಕೂಸಿನ ಪಾದವನ್ನು ತಿರುಗಿಸಿ ನೋಡಿದರು. ಅಂಗಾಲಿನ ನಡುವೆ, ಆ ಕೆಂಪು ಬೆಳಕು ಹಾಯಬೇಕಾದ ಜಾಗದಲ್ಲೇ, ದಪ್ಪಗೆ ಕಾಡಿಗೆ ಬೊಟ್ಟು. ಪಟ್ಟಿಯ ಬಿಸಿಗೆ ಹರಡಿ ಪಾದವೆಲ್ಲ ಕಪ್ಪಾಗಿತ್ತು. ಹರಳೆಣ್ಣೆಯ ದೀಪದ ಮಸಿ ಅದು. ಬೆಳಕು ಅದನ್ನು ದಾಟಲಾರದೆ ಮಷೀನಿಗೆ ಏನೇನೋ ಹೇಳಿತ್ತು.

ನಮ್ಮ ಕಡೆ ದೃಷ್ಟಿ ಬೊಟ್ಟನ್ನು ಅಂಗಾಲಿಗೆ ಇಡುವುದು ಎಲ್ಲರಿಗೂ ಗೊತ್ತಿದ್ದದ್ದೇ. ಕೆನ್ನೆಗೆ ಇಟ್ಟದ್ದು ಜನರಿಗೆ ಕಾಣುತ್ತದೆ, ಅಂಗಾಲಿನದು ದೇವರಿಗೆ ಮಾತ್ರ. ಯಾರೂ ಏನೂ ಕೇಳುವ ಅಗತ್ಯವಿರಲಿಲ್ಲ. ಸಿಸ್ಟರ್ ಅತ್ತೆಯನ್ನು ಒಳಗೆ ಕರೆದರು. ಬಲಗೈ ತೋರುಬೆರಳಿನ ತುದಿ ಇನ್ನೂ ಕರ್ರಗೆ ಇತ್ತು.

"ಯಮ್ಮಾ, ಏನಿದು? ಹಚ್ಚಬ್ಯಾಡ ಅಂತ ದಿನಾ ಬಡಕೊಂತೀನಲ್ಲ ನಾನು."

"ಕೂಸಿಗಿ ಅಲ್ಲ ಯವ್ವಾ," ಎಂದರು ಅತ್ತೆ. "ಎಲ್ಲಾರೂ ನಂಬರ್ ಚಂದ ಅದ, ನಂಬರ್ ಚಂದ ಅದ ಅನ್ನಾಕತ್ತಿದ್ರು. ನಂಬರಿಗಿ ದೃಷ್ಟಿ ಆದೀತು ಅಂತ ಹಚ್ಚಿದೆ."

ಮೇಡಮ್ ಮುಖ ಆಚೆ ತಿರುಗಿಸಿದರು. ನಗು ಬಂತೋ ಸಿಟ್ಟು ಬಂತೋ ತಿಳಿಯಲಿಲ್ಲ. ನನಗಂತೂ ಎರಡೂ ಬಂದವು, ಎರಡನ್ನೂ ಮಾಡುವಷ್ಟು ತ್ರಾಣ ಇರಲಿಲ್ಲ. ಒಂದು ಮಾತು ಹೇಳಿದೆ: "ಅತ್ತಿ, ಆ ರಕ್ತ ಕೂಸನ್ನ ಕೊಂದಿತು ಅಂದ್ಕೊಂಡಿದ್ದೆ ನಾ. ನನ್ನ ಸಹಿ ಕೊಂದಿತು ಅಂದ್ಕೊಂಡಿದ್ದೆ."

ಸಿಸ್ಟರ್ ಹತ್ತಿಯಿಂದ ಪಾದ ಒರೆಸುವುದನ್ನು ಅತ್ತೆ ನಿಂತು ನೋಡಿದರು. ಕಪ್ಪು ಹೋಗಿ ಕೆಂಪು ಪಾದ ಕಂಡಿತು. ಮೊದಲು ಬಿಳಿಚಿಕೊಂಡು ಇರುತ್ತಿದ್ದ ಪಾದ ಅದು. ಅತ್ತೆ ಬಗ್ಗಿ, ಮುಟ್ಟದೆ, ಬಹಳ ಹೊತ್ತು ಆ ಬಣ್ಣವನ್ನೇ ನೋಡಿದರು. ಆಮೇಲೆ ಹೊರಗೆ ಹೋಗಿ ನಲ್ಲಿಯ ಕೆಳಗೆ ಬೆರಳು ತಿಕ್ಕಿಕೊಂಡರು.

ಮರುದಿನ ಬೆಳಿಗ್ಗೆ ತಲೆ ಬಾಚಿ, ಸೀರೆ ಬದಲಿಸಿ ಬಂದು ನಿಂತರು.

"ನಡಿ, ಎಲ್ಲದ ಅದು ರಕ್ತದ ದವಾಖಾನಿ? ಅವರು ಯಾರೋ ನಮ್ಮ ಕೂಸಿಗಿ ಕೊಟ್ಟಾರ. ನಾ ಇನ್ಯಾರದೋ ಕೂಸಿಗಿ ಕೊಡ್ತೀನಿ. ಸಾಲ ಇಟ್ಕೋಬಾರದು."

ನಿಮ್ಮ ಮಗ ಸಂಜೆಗೆ ಬರುತ್ತಾರೆ, ಅವರೇ ಕೊಡುತ್ತಾರೆ ಎಂದೆ. ಕೇಳಲಿಲ್ಲ. ಕೂಸನ್ನು ಸಿಸ್ಟರ್‌ಗೆ ಒಪ್ಪಿಸಿ ಅವರ ಜೊತೆ ಹೊರಟೆ. ಬ್ಲಡ್ ಬ್ಯಾಂಕಿಗೆ ಒಂದೇ ಮಹಡಿ ಹತ್ತಬೇಕು. ಹೊಲಿಗೆ ನನ್ನ ಹೊಟ್ಟೆಯಲ್ಲಿತ್ತು, ಆದರೆ ಮೆಟ್ಟಿಲ ನಡುವೆ ಕಂಬಿ ಹಿಡಿದು ನಿಂತವರು ಅತ್ತೆ.

ಅಲ್ಲಿದ್ದ ಹೆಣ್ಣುಮಗಳು ಅತ್ತೆಯ ವಯಸ್ಸು ಕೇಳಿದಳು. ಅತ್ತೆ, ಬರೆದುಕೋ ನಿನಗೆ ತಿಳಿದಷ್ಟು ಎಂದರು. ಅವಳು ಅತ್ತೆಯ ಕಣ್ಣ ರೆಪ್ಪೆ ಎಳೆದು ನೋಡಿದಳು. ಬೆರಳು ಚುಚ್ಚಿದಳು. ಮೇಜಿನ ಮೇಲೆ ಒಂದು ಗಾಜಿನ ಲೋಟದಲ್ಲಿ ನೀಲಿ ನೀರಿತ್ತು. ಹನಿ ಅದರಲ್ಲಿ ಬಿಟ್ಟಳು.

ಹನಿ ಒಂದಿಷ್ಟು ಇಳಿದಂತೆ ಮಾಡಿ, ಮೇಲಕ್ಕೆ ಬಂದು ನಿಂತಿತು.

"ಆಗಂಗಿಲ್ಲಮ್ಮ," ಎಂದಳು ಅವಳು. "ಹನಿ ಮುಳುಗಿದ್ರ ರಕ್ತ ಗಟ್ಟಿ ಅದ ಅಂತ ಅರ್ಥ. ನಿಮ್ಮದು ತೇಲಾಕತ್ತದ."

ಅತ್ತೆ ಲೋಟದ ಮೇಲೆ ಬಗ್ಗಿದರು. ಭತ್ತದ ಬೀಜವನ್ನು ಉಪ್ಪುನೀರಿಗೆ ಹಾಕಿ, ತೇಲಿದ್ದನ್ನು ಬಳಿದು ಹೊರಗೆ ಚೆಲ್ಲಿದ ಕೈ ಅವರದು. ಅವರಿಗೆ ಯಾರೂ ಬಿಡಿಸಿ ಹೇಳಬೇಕಿರಲಿಲ್ಲ.

"ಜೊಳ್ಳು," ಎಂದರು.

"ಹಂಗಲ್ಲ, ರಕ್ತ ಕಮ್ಮಿ ಅದ ನಿಮಗ. ಭಾಳ ಕಮ್ಮಿ. ಇವತ್ತು ನಿನ್ನೆ ಆಗಿದ್ದಲ್ಲ ಇದು, ಎಷ್ಟೋ ವರ್ಷದ್ದು ಇರಬೇಕು. ಕೊಡೋದು ಬಿಡ್ರಿ, ಮೊದಲು ಡಾಕ್ಟರಿಗಿ ತೋರ್ಸಿ ಗುಳಿಗಿ ತಗೋರಿ. ದಣಿವು ಆಗಂಗಿಲ್ಲೇನು? ಏರಿ ಹತ್ತುವಾಗ ಎದಿ ಬಡಿಯಂಗಿಲ್ಲ?"

"ನನಗ ತೊಂಬತ್ತೆಂಟ್ ಬಂದಿತ್ತಲ್ಲ," ಎಂದು ಅತ್ತೆ ನನ್ನ ಕಡೆ ತಿರುಗಿದರು.

ಸ್ಟೂಲಿನ ಮೇಲೆ ಕೂತು ಮೇಡಮ್ ಹೇಳಿದ್ದೆಲ್ಲ ನನ್ನ ಕಿವಿಯಲ್ಲಿತ್ತು. ಅತ್ತೆಯ ಮೈಯಲ್ಲೂ ಇದ್ದದ್ದು ನಾಲ್ಕೇ ಲಾರಿ, ಎಲ್ಲ ತುಂಬಿದ್ದವೇ; ಹತ್ತಿ ಹೊಲ, ಹೊಳೆಯ ಏರಿ, ಐದು ಹೆರಿಗೆ, ಬೀಸುವುದು, ಕುಟ್ಟುವುದು, ಅಷ್ಟನ್ನೂ ಅವೇ ನಾಲ್ಕು ಓಡಿ ಮುಗಿಸಿದ್ದವು. ಬದುವಿನ ಆ ಚಪ್ಪಟೆ ಕಲ್ಲು ಕಣ್ಣ ಮುಂದೆ ಬಂತು. ತಡೆದು ತಡೆದು ಹೇಳಿದೆ: "ಅತ್ತಿ, ಆ ನಂಬರು ಬ್ಯಾರೆ. ಕೂಸಿಗಿ ಆಗಿತ್ತಲ್ಲ, ಎರಡು ಗುಟುಕಿಗಿ ಸುಸ್ತಾಗಿ ಮಲಗ್ತಿತ್ತಲ್ಲ, ನಿಮಗೂ ಅದs ಆಗ್ಯದ."

ಅತ್ತೆ ಕೂತರು. ಬೆರಳಿಗೆ ಒತ್ತಿದ ಹತ್ತಿಯನ್ನು ತೆಗೆದು ನೋಡಿದರು, ಮತ್ತೆ ಒತ್ತಿದರು. ಆಮೇಲೆ ನನ್ನನ್ನಲ್ಲ, ಆ ಹೆಣ್ಣುಮಗಳನ್ನು ಕೇಳಿದರು. ಊರಿನ ಹಿರಿಯರ ಮುಂದೆ ಕೇಳುವ ದನಿಯಲ್ಲಿ ಕೇಳಿದರು.

"ಹಂಗಾದ್ರ ನಾ ಮೈಗಳ್ಳಿ ಅಲ್ಲೇನ್ರಿ?"

ಅವಳಿಗೆ ಏನು ಗೊತ್ತು? ಪಿಳಿಪಿಳಿ ನೋಡಿದಳು.

"ಅಲ್ರಿ ಅತ್ತಿ," ಎಂದೆ ನಾನು. "ಅಲ್ಲ."

ಅತ್ತೆ ತಲೆ ಆಡಿಸಿದರು. ನೀಲಿ ನೀರಿನಲ್ಲಿ ಹನಿ ಒಡೆದು ಮೇಲೆಯೇ ಹರಡುತ್ತಿತ್ತು. ಅದನ್ನು ನೋಡುತ್ತಲೇ ಎದ್ದು ಸೆರಗು ಸರಿಮಾಡಿಕೊಂಡರು.

"ಹೋಗಿ ಹೇಳಬೇಕಂದ್ರ," ಎಂದರು, "ಹಂಗ ಮೊದಲು ಅಂದೋರು ಯಾರೂ ಉಳದಿಲ್ಲ ನೋಡು ಈಗ."